ಎಡಗಾಲಿನ ಮೂರನೆಯ ಮೊಳೆ

೧೧ ಏಪ್ರಿಲ್ ೨೦೦೫, ಸೋಮವಾರ

ಬೀಜದ ಅಂಗಡಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಮೂರು ತಿಂಗಳು ರಾಜಮಾ ಇದರ ಮೇಲೆ ಬಿಸಿ ಪಾತ್ರೆ ಇಳಿಸುತ್ತಿದ್ದಳು, ರಟ್ಟಿನ ಮೇಲೆ ದುಂಡಗೆ ಕಪ್ಪು ಗುರುತು ಬಿದ್ದಿದೆ. ಏಳನೆಯ ಇಯತ್ತೆ ಮುಗಿಸಿದ ಮೇಲೆ ನಾನು ಹೆಸರು, ಸಹಿ ಬಿಟ್ಟು ಹೆಚ್ಚು ಬರೆದವನಲ್ಲ. ಇವತ್ತು ಬರೆಯುವುದಕ್ಕೆ ಕಾರಣವಿದೆ. ಅರವತ್ತಮೂರನೆಯ ವಯಸ್ಸಿನಲ್ಲಿ ಎತ್ತು, ಕುದುರೆಗಳ ಕಾಲಿಗೆ ನಾಲ, ಅಂದರೆ ಲಾಳ, ಹೊಡೆಯುವ ಗಜೇಂದ್ರಗಡದ ಕಾಶೀಂಸಾಬ ನಾಲಬಂದ ಮಾಸ್ತರನಾಗಿದ್ದಾನೆ. ಏನು ಕಲಿಸಿದೆ, ಏನು ಬಿಟ್ಟೆ ಎಂದು ನೆನಪಿರಬೇಕಲ್ಲ.

ಕಲಿಯುವವಳು ಒಬ್ಬಳೇ, ಮಗಳು ರಾಜಮಾಳ ಮಗಳು ಗುಲ್ಷನ. ಎಂಟು ವರ್ಷ, ನಾನು ಅವಳ ನಾನಾ, ತಾಯಿಯ ಅಪ್ಪ. ಸಾಲಿಗೆ ಸೂಟಿ. ಅಳಿಯ ಲಾರಿಯ ಮೇಲೆ ಊರೂರು ತಿರುಗುವವನಾದ್ದರಿಂದ ತಾಯಿ ಮಗಳು ಇಬ್ಬರೂ ನನ್ನ ಮನೆಯಲ್ಲೇ ಇರುತ್ತಾರೆ.

ಆದದ್ದು ಇಷ್ಟು. ಮುಶಿಗೇರಿಯ ಲಕ್ಷ್ಮಪ್ಪ ಪ್ರತಿ ಬೇಸಿಗೆ ಕುರಿ ಹೊಡೆದುಕೊಂಡು ನರಗುಂದದ ಕಡೆ ಕಾಲುವೆ ಹೊಲಗಳಿಗೆ ಹೋಗುತ್ತಾನೆ. ಹೋಗುವ ಮೊದಲು ಸಾಮಾನು ಹೊರುವ ತನ್ನ ತಟ್ಟುವಿನ, ಅಂದರೆ ಗಿಡ್ಡ ಕುದುರೆಯ, ಗೊರಸು ಕೆತ್ತಿಸಲು ನನ್ನ ಹತ್ತಿರ ಬರುತ್ತಾನೆ, ಇಪ್ಪತ್ತು ವರ್ಷದ ರೂಢಿ. ಈ ಸಲ ಜೊತೆಗೆ ತಟ್ಟುವಿನ ಮರಿಯೂ ಬಂದಿತ್ತು. ಎರಡು ವರ್ಷದ ಹೆಣ್ಣು, ಬೆಲ್ಲದ ಬಣ್ಣ. ಗುಲ್ಷನ ನಿನ್ನೆ ಅದರ ಕುತ್ತಿಗೆಗೆ ಜೋತುಬಿದ್ದವಳು ಊಟಕ್ಕೂ ಏಳಲಿಲ್ಲ.

ಲಕ್ಷ್ಮಪ್ಪ ನೋಡಿ ನಕ್ಕ. "ಸಾಬ್ರ, ಈ ಮರಿ ನಿಮ್ಮ ಹುಡುಗೀಗೆ ಇರ್ಲಿ. ಆದ್ರ ಸಾಕಾಕ ಬರಬೇಕು. ಬರದವರ ಮನ್ಯಾಗ ನಾ ಮೂಕ ಜೀವ ಬಿಟ್ಟ ಹೋಗೂದಿಲ್ಲ."

"ನಾಲಬಂದನ ಮನಿ ಇದು. ನಮಗ ಬರೂದಿಲ್ಲೇನೋ?"

"ನಿಮಗ ಬರತೈತ್ರಿ. ಅಕೀಗೆ?"

ಅಲ್ಲೇ ಕರಾರಾಯಿತು. ಕಾರಹುಣ್ಣಿಮೆಗೆ ಅವನು ಮರಿಯ ಜೊತೆ ತಿರುಗಿ ಬರುತ್ತಾನೆ. ಅಷ್ಟರಲ್ಲಿ ಇವಳು ಕಲಿತಿರಬೇಕು. ಅವನೇ ನೋಡಿ, ಒಪ್ಪಿಗೆಯಾದರೆ ಮರಿ ಇವಳದು. ಇಲ್ಲವಾದರೆ ಇಲ್ಲ. ಗುಲ್ಷನ ಎರಡೂ ಕೈಯಿಂದ ನನ್ನ ಲುಂಗಿ ಹಿಡಿದು, "ನಾನಾ, ನಾಳಿಂದನ ಕಲಸು" ಅಂದಳು. ನಾಳೆ ಎಂದರೆ ಇವತ್ತು.

ಕಲಿಯುವುದಕ್ಕೆ ದಾದಾಪೀರನ ಚಮೇಲಿ ಇದ್ದಾಳೆ. ನಮ್ಮ ಓಣಿಯ ಕೊನೆಯ ಮನೆ ಅವನದು. ಚಮೇಲಿ ಬಿಳಿ ಕುದುರೆ. ಗಜೇಂದ್ರಗಡ, ರೋಣ, ನರಗುಂದದ ಅರ್ಧ ಗಂಡಸರು ಮದುವೆಯ ದಿನ ಅವಳ ಬೆನ್ನ ಮೇಲೆ ಕೂತವರೇ. ದಾದಾಪೀರ, "ಚಾಚಾ, ನೀವು ಹತ್ರ ಇದ್ರ ನನಗೇನ ಚಿಂತಿ" ಅಂದ.

ಮೊದಲ ಪಾಠ: ಹಿಂದಿನಿಂದ ಹೋಗಬಾರದು, ಮಾತಾಡಿಸುತ್ತ ಎಡ ಭುಜದ ಕಡೆಯಿಂದ ಹೋಗಬೇಕು. ಎರಡನೆಯದು: ದಿನಾ ಬೆಳಿಗ್ಗೆ ನಾಲ್ಕೂ ಗೊರಸಿಗೆ ಅಂಗೈ ಇಟ್ಟು ನೋಡಬೇಕು. ನಾಲ್ಕೂ ಒಂದೇ ಸಮ ತಣ್ಣಗಿದ್ದರೆ ಸರಿ. ಒಂದು ಬಿಸಿಯಾಗಿದ್ದರೆ ಅಲ್ಲಿ ಏನೋ ಇದೆ. ಕುದುರೆ ಬಾಯಿಬಿಟ್ಟು ಹೇಳುವುದಿಲ್ಲ, ಕೈಯಿಟ್ಟು ಕೇಳಬೇಕು. ನನ್ನಪ್ಪ ನನಗೆ ಹೇಳಿದ ಮಾತೇ ಇವಳಿಗೆ ಹೇಳಿದೆ.

೧೫ ಏಪ್ರಿಲ್, ಶುಕ್ರವಾರ

ಹುಡುಗಿ ಲದ್ದಿಯಲ್ಲಿ ಬಿದ್ದಳು. ಅಳುತ್ತಾಳೆ ಅಂದುಕೊಂಡೆ, ಎದ್ದು ಮೂಸಿ ನೋಡಿ, "ಕಮ್ಮಗ ಐತಿ, ಕಣಕಿ ಮೇವಿನ ವಾಸನಿ" ಅಂದಳು. ರಾಜಮಾ ಮಾತ್ರ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ತಡೆದು ಎರಡು ಕೊಡ ನೀರು ಸುರಿದು ಒಳಗೆ ಬಿಟ್ಟಳು.

ಹುರಳಿ ನೆನೆಸಿ ಬೂಸಾ ಕಲಸುವುದು ಬಂದಿದೆ. ಮೈ ತಿಕ್ಕುವುದು ಬಂದಿದೆ, ಹೊಟ್ಟೆಯ ಕೆಳಗೆ ತಾನೇ ನುಗ್ಗಿ ತಿಕ್ಕುತ್ತಾಳೆ. ಬಿಸಿಲಿನಿಂದ ಬಂದ ಕೂಡಲೇ ನೀರು ಕುಡಿಸಬಾರದು ಎಂದು ಒಮ್ಮೆ ಹೇಳಿದ್ದೆ. ಇವತ್ತು ದಾದಾಪೀರನೇ ಬಕೆಟ್ ಇಡಲು ಹೋದರೆ, "ಕಾಕಾ, ಬೆವರು ಆರಲಿ" ಎಂದು ಕಿತ್ತುಕೊಂಡಳು. ಅವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನನಗೆ ಒಳಗೊಳಗೇ ಭಾಳ ಹಿಗ್ಗಾಯಿತು.

ಈ ಡೈರಿಯ ಗೆರೆಗಳನ್ನು ತೀರ ತೆಳುವಾಗಿ ಅಚ್ಚು ಹಾಕಿದ್ದಾರೆ. ಮಸಿಗೂ ಜಿಪುಣತನ ಮಾಡುವವರು ಬೀಜ ಎಂಥದು ಕೊಟ್ಟಾರು.

೨೧ ಏಪ್ರಿಲ್, ಗುರುವಾರ

ಇವತ್ತು ಚಮೇಲಿ ಗುಲ್ಷನಳಿಗೆ ಕಾಲು ಕೊಟ್ಟಳು. ಭುಜಕ್ಕೆ ಭುಜ ಒರಗಿಸಿ, ಕಾಲಿನ ಮೇಲಿಂದ ಕೈ ಜಾರಿಸುತ್ತ ಬಂದು, ಗೆಣ್ಣಿನ ಹತ್ತಿರ ಸಣ್ಣಗೆ ಹಿಸುಕಿ, "ಕೊಡವಾ" ಅಂದಳು. ಅಷ್ಟೆ. ಅಷ್ಟು ದೊಡ್ಡ ಪ್ರಾಣಿ ಇಷ್ಟು ಚಿಕ್ಕ ಕೈಯಲ್ಲಿ ಕಾಲಿಟ್ಟು ನಿಂತಿತು. ಗೊರಸಿನ ಸಂದಿಯ ಕಸವನ್ನು ಕೊಕ್ಕೆಯಿಂದ ತೆಗೆದಳು. ನನಗೆ ಹತ್ತು ವರ್ಷವಾದರೂ ಇಷ್ಟು ಸಲೀಸಾಗಿ ಬಂದಿರಲಿಲ್ಲ, ಅಪ್ಪನ ಕೈಯಲ್ಲಿ ಎಷ್ಟು ಏಟು ತಿಂದಿದ್ದೆ.

ಅಪ್ಪನ ಇನ್ನೊಂದು ಮಾತು ಕಲಿಸಿದೆ. "ಕೈ ನೋಡಿ ಕಾಲು ಕೊಡಬೇಕು." ಕುದುರೆ ಸಾಕುವವರು ಕಂಡ ಕಂಡವರ ಕೈಗೆ ಅದರ ಕಾಲು ಕೊಡಬಾರದು. ನಾಲಬಂದನ ಕೈ ನಡುಗುತ್ತದೆಯೋ, ಕುಡಿದಿದ್ದಾನೋ, ಅವಸರದಲ್ಲಿದ್ದಾನೋ ಮೊದಲು ನೋಡಬೇಕು. ದೊಡ್ಡವರು ಎಂದು ಸುಮ್ಮನಿರಬಾರದು. ಕಾಲು ಹೋದರೆ ಕುದುರೆ ಹೋಯಿತು.

ಗುಲ್ಷನ ನನ್ನ ಅಂಗೈ ಎಳೆದು ತಿರುಗಿಸಿ ತಿರುಗಿಸಿ ನೋಡಿ, "ನಿನ್ನ ಕೈ ಪಾಸು" ಅಂದಳು.

ತಟ್ಟುವಿನ ಮರಿಗೆಂದು ನಾಲ್ಕು ಸಣ್ಣ ನಾಲ ಬಡಿಯಲು ಶುರು ಮಾಡಿದ್ದೇನೆ. ಮಗುವಿನ ಬಳೆಗಿಂತ ತುಸು ದೊಡ್ಡವು. ಸಂಜೆ ಚಹಾ ಸೋಸುವಾಗ ಅರ್ಧ ಕಪ್ಪಿನ ಹೊರಗೆ ಬಿತ್ತು. "ಅಬ್ಬಾ, ಕಣ್ಣಾಗ ಪರೆ ಬಂದೈತಿ, ರೋಣಕ್ಕ ಹೋಗಿ ತೋರಿಸ್ಕೋ ಅಂತ ಎಷ್ಟ ಸರ್ತಿ ಹೇಳ್ಬೇಕ ನಿನಗ?" ಎಂದು ರಾಜಮಾ ಶುರು ಮಾಡಿದಳು. ಕಪ್ಪು ಸರಿಯಾಗಿ ಇಟ್ಟಿರಲಿಲ್ಲ ಅಂದೆ. ನಲವತ್ತೈದು ವರ್ಷ ಮೊಳೆ ಹೊಡೆದವನಿಗೆ ಕಣ್ಣು ಯಾಕೆ, ಬೆರಳೇ ಸಾಕು. ಕಣ್ಣು ಕೊಯ್ಯಿಸಿಕೊಂಡ ನಾಲಬಂದನ ಹತ್ತಿರ ಯಾರು ಎತ್ತು ತರುತ್ತಾರೆ?

೨೮ ಏಪ್ರಿಲ್, ಗುರುವಾರ

ಚಮೇಲಿಗೆ ಹೊಸ ನಾಲ ಹೊಡೆದೆ. ಸಂಜೆ ರೋಣದಲ್ಲಿ ಮೆರವಣಿಗೆ, ದಾದಾಪೀರ ಟೆಂಪೋ ತಂದು ನಿಲ್ಲಿಸಿಕೊಂಡು "ಲಗೂ ಮಾಡ್ರಿ ಚಾಚಾ, ಲಗೂ ಮಾಡ್ರಿ" ಎಂದು ತಲೆಯ ಮೇಲೆಯೇ ನಿಂತಿದ್ದ.

ಮುಂದಿನ ಎಡಗಾಲು, ಹೊರಗಡೆಯ ಮೂರನೆಯ ಮೊಳೆ. ಗಟ್ಟಿ ಗೊರಸಿನಲ್ಲಿ ಹೋಗುವ ಮೊಳೆಗೆ ಟಣ್ ಎಂಬ ಸದ್ದಿರುತ್ತದೆ. ಇದು ಮೆತ್ತಗೆ ಹೋಯಿತು. ಚಮೇಲಿ ಕಾಲು ಕಿತ್ತುಕೊಂಡಳು. ನೊಣ ಕಚ್ಚಿರಬೇಕು ಅಂದೆ. ಮೊಳೆ ಹೊರಗೆಳೆದೆ, ತುದಿ ಕಾಣಲಿಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಹೆಬ್ಬೆರಳಿನಿಂದ ಸವರಿದೆ. ಹಸಿ ಇತ್ತು. ಲುಂಗಿಗೆ ಒರೆಸಿಕೊಂಡು ಅದೇ ತೂತಿನಲ್ಲಿ ಇನ್ನೊಂದು ಮೊಳೆ ಕೂಡಿಸಿದೆ.

ಬೆವರಿನ ಹಸಿಯೂ ಇರಬಹುದು.

೨೯ ಏಪ್ರಿಲ್, ಶುಕ್ರವಾರ

ಮೆರವಣಿಗೆ ಚಲೋ ಆಯಿತಂತೆ. ಬ್ಯಾಂಡಿನವರ ಮುಂದೆ ಚಮೇಲಿ ಕುಣಿದಳಂತೆ. ಬೆವರೇ ಇರಬೇಕು. ಲುಂಗಿಯನ್ನು ರಾಜಮಾಳಿಗೆ ಕೊಡದೆ ನಾನೇ ಒಗೆದೆ.

೧ ಮೇ, ಭಾನುವಾರ

ಗುಲ್ಷನ ಇವತ್ತು ಚಮೇಲಿಯನ್ನು ಕೆರೆಗೆ ನೀರಿಗೆ ಹಿಡಿದುಕೊಂಡು ಹೋಗಿದ್ದಳು. ದಾದಾಪೀರನ ಹೆಂಡತಿ ಜಬೀನ ಜೊತೆಗಿದ್ದಳು. ಮಣ್ಣಿನ ದಾರಿ ಹಿಡಿಯಬೇಕೆಂದು ಹೇಳಿದ್ದೆ. ಬರುವಾಗ ಎದುರಿಗೆ ಎಮ್ಮೆಗಳು ಬಂದವೆಂದು ಗುಡ್ಡದ ಕಡೆಯ ಕಲ್ಲಿನ ದಾರಿ ಹಿಡಿದಳಂತೆ. ಮನೆಗೆ ಬಂದವಳೇ ನನ್ನ ಮುಂದೆ ನಿಂತು, "ನಾನಾ, ನಾ ತಪ್ಪ ಮಾಡೀನಿ. ಕಲ್ಲಿನ ಮ್ಯಾಲ ನಡಸ್ಕೊಂಡ ಬಂದೆ" ಎಂದು ಹೇಳಿದಳು. ಯಾರೂ ಕೇಳಿರಲಿಲ್ಲ. ಜಬೀನ ಕೂಡ ಹೇಳುತ್ತಿರಲಿಲ್ಲ.

ಏನೂ ಆಗುವುದಿಲ್ಲ, ನಾಲ ಇದೆಯಲ್ಲ, ಅಂದೆ. ಆಡುವುದಕ್ಕೆ ಓಡಿಹೋದಳು.

೩ ಮೇ, ಮಂಗಳವಾರ

ಚಮೇಲಿ ಕುಂಟುತ್ತಿದ್ದಾಳೆ. ಮುಂದಿನ ಎಡಗಾಲು.

ದಾದಾಪೀರ ಕರೆಯಲು ಬಂದಾಗಲೇ ಯಾವ ಕಾಲು ಎಂದು ಕೇಳದೆ ಹೊರಟುಬಿಟ್ಟೆ. ಹೋಗಿ ನೋಡಿದೆ. ಕಾಲನ್ನು ಮುಂದೆ ಚಾಚಿ ತುದಿಯಷ್ಟೇ ನೆಲಕ್ಕೆ ತಾಗಿಸಿಕೊಂಡು ನಿಂತಿದ್ದಳು. "ಏನಾತ್ರಿ ಚಾಚಾ?" ಎಂದು ಅವನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಗುಲ್ಷನ ಮುಂದೆ ಬಂದು, "ಕಾಕಾ, ನಾನು ಭಾನುವಾರ ಕಲ್ಲಿನ ಮ್ಯಾಲ ನಡಸೇನಿ" ಅಂದಳು.

ದಾದಾಪೀರ ಹುಡುಗಿಯನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿ, "ಕಲ್ಲು ಬಡದೈತೇನ್ರಿ?" ಅಂದ.

"ಹೌದು, ಕಲ್ಲು ಬಡದೈತಿ" ಅಂದೆ.

ಇದು ನನ್ನ ಬಾಯಿಂದಲೇ ಬಂತು, ಬೇರೆ ಯಾರೂ ಹೇಳಿಸಲಿಲ್ಲ. ಅವನು, "ನಾಲ ತಗದು ಒಮ್ಮೆ ನೋಡೂಣೇನ್ರಿ?" ಎಂದು ಕೇಳಿದ. ಬಾವು ಇದ್ದಾಗ ತೆಗೆದರೆ ಗೊರಸು ಒಡೆಯುತ್ತದೆ, ನಾಲ್ಕು ದಿನ ಉಪ್ಪುನೀರಿನ ಶಾಖ ಕೊಡು ಅಂದೆ. ಅವನಿಗೆ ಏನು ಗೊತ್ತು? ನಾಲ್ಕು ತಲೆಮಾರಿನ ನಾಲಬಂದ ಹೇಳಿದರೆ ಅದೇ ಕಾನೂನು. ನಾವು ಮನೆಗೆ ಹೊರಟಾಗ ಅವನು ಮೆಲ್ಲಗೆ, "ಸಣ್ಣ ಹುಡುಗಿ ಕೈಯಾಗ ಹಗ್ಗ ಕೊಟ್ಟದ್ದು ನಂದ ತಪ್ಪು ಬಿಡ್ರಿ" ಅಂದ. ಗುಲ್ಷನಳಿಗೆ ಅದು ಕೇಳಿಸಿತು.

೪ ಮೇ, ಬುಧವಾರ

ಉಪ್ಪುನೀರು. ಬೇವಿನ ಸೊಪ್ಪು. ಕಡಿಮೆ ಇಲ್ಲ.

೬ ಮೇ, ಶುಕ್ರವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಮಧ್ಯಾಹ್ನದ ನಮಾಜಿನಿಂದ ಬಂದಾಗಿನಿಂದ ಕೂತಿದ್ದೇನೆ. ನಮಾಜಿನಲ್ಲೂ ಮನಸ್ಸು ನಿಲ್ಲಲಿಲ್ಲ, ಪಕ್ಕದವನು ಬಗ್ಗಿದ ಮೇಲೆ ನಾನು ಬಗ್ಗಿದೆ.

ಗುಲ್ಷನ ದಿನಾ ಬೆಳಿಗ್ಗೆ ಎದ್ದವಳೇ ಚಮೇಲಿಯ ಹತ್ತಿರ ಹೋಗಿ ಕೂರುತ್ತಾಳೆ. ಇವತ್ತು ನಾನು ಹೋದಾಗ ಆ ಗೊರಸಿನ ಸುತ್ತ ಅಂಗೈ ಸರಿಸುತ್ತ, ಕಣ್ಣು ಮುಚ್ಚಿಕೊಂಡಿದ್ದಳು. ನಾನೇ ಕಲಿಸಿದ್ದು. "ನಾನಾ, ಇಲ್ಲಿ ನೋಡು. ಎಲ್ಲಾ ಕಡೆ ಸ್ವಲ್ಪ ಬೆಚ್ಚಗ ಐತಿ. ಹೊರಗಿನ ಕಡೆ ಈ ಒಂದ ಜಾಗಾ ಸುಡತೈತಿ. ಕಲ್ಲು ಬಡದಿದ್ರ ತಳಾ ಸುಡಬೇಕಲ್ಲ? ಇಲ್ಲ್ಯಾಕ ಸುಡತೈತಿ?"

ಅವಳ ಬೆರಳು ಮೂರನೆಯ ಮೊಳೆಯ ಮೇಲಿತ್ತು. ಒಂದು ಜೋಳದ ಕಾಳಿನಷ್ಟೂ ಆಚೀಚೆ ಇರಲಿಲ್ಲ.

ನಾನು ಕೈಯಿಟ್ಟು ನೋಡಿದಂತೆ ಮಾಡಿದೆ. "ಇಲ್ಲವಾ, ನಿನಗ ಹಂಗ ಅನ್ನಸತೈತಿ. ಆ ಕಡೆ ಬಿಸಲು ಬಿದ್ದಿತ್ತು" ಅಂದೆ. ಅವಳು ಇನ್ನೊಮ್ಮೆ ಮುಟ್ಟಿದಳು. ಮತ್ತೊಮ್ಮೆ ಮುಟ್ಟಿದಳು. ಆಮೇಲೆ ತನ್ನ ಅಂಗೈಯನ್ನೇ ನೋಡಿಕೊಂಡು, "ನನ್ನ ಕೈಗೆ ತಿಳಿಯೂದಿಲ್ಲ" ಅಂದಳು.

ನಲವತ್ತೈದು ವರ್ಷದಲ್ಲಿ ಎಷ್ಟೋ ದನ, ಕುದುರೆಗಳ ಕಾಲು ಹಿಡಿದಿದ್ದೇನೆ. ಒಂದೆರಡಕ್ಕೆ ಮೊಳೆ ಹಸಿಗೆ, ಗೊರಸಿನೊಳಗಿನ ಜೀವದ ಮಾಂಸಕ್ಕೆ, ತಾಗಿದ್ದೂ ಉಂಟು. ಆಗೆಲ್ಲ ಅಲ್ಲೇ ಹೇಳಿ, ಕಿತ್ತು, ಔಷಧ ಹಾಕಿ ಕಳಿಸಿದ್ದೇನೆ, ಯಾರೂ ನನ್ನನ್ನು ಗಲ್ಲಿಗೆ ಹಾಕಲಿಲ್ಲ. ಈ ಸಲ ಯಾಕೆ ಹೇಳಲಿಲ್ಲ? ಹೇಳಿದರೆ "ಕಾಣಲಿಲ್ಲವೇನು ಚಾಚಾ?" ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೆ. ಆ ಪ್ರಶ್ನೆ ಬರಬಾರದೆಂದು ಒಂದು ಮೂಕ ಜೀವಕ್ಕೆ ಎಂಟು ದಿನ ಕೀವು ತುಂಬಿಸಿದೆ. ಈಗ ಸರಿಯಾಗಿ ಕಂಡುಹಿಡಿದ ಮಗುವಿನ ಕೈಯನ್ನು ಸುಳ್ಳು ಮಾಡಿದೆ. ಥೂ ನನ್ನ ಜನ್ಮಕ್ಕೆ.

೯ ಮೇ, ಸೋಮವಾರ

ಗುಲ್ಷನ ಎರಡು ದಿನದಿಂದ ಚಮೇಲಿಯ ಕಡೆ ಹೋಗಿಲ್ಲ. ಅಂಗಳದಲ್ಲಿ ಕೂತು ಅವ್ವನ ಜೊತೆ ಶೇಂಗಾ ಸುಲಿಯುತ್ತಾಳೆ. ಒಂದು ಕಾಯಿಯನ್ನೂ ಬಾಯಿಗೆ ಹಾಕಿಕೊಳ್ಳುತ್ತಿಲ್ಲ, ಅದನ್ನು ನೋಡಿಯೇ ರಾಜಮಾಳಿಗೆ ಗಾಬರಿ.

ನಾನು ಸಣ್ಣ ನಾಲಗಳನ್ನು ತೋರಿಸಿದೆ. ಮೂರು ಮುಗಿದಿವೆ, ಒಂದಕ್ಕೆ ಅರ ಹಾಕುವುದಿದೆ. ಮುಟ್ಟಲಿಲ್ಲ. "ಲಕ್ಷ್ಮಪ್ಪಜ್ಜಾಗ ಹೇಳಿಬಿಡು ನಾನಾ. ನನಗ ತಟ್ಟು ಬ್ಯಾಡ. ನನ್ನ ಕೈಯಾಗ ಬಂದ್ರ ಅದೂ ಕುಂಟತೈತಿ."

ರಾಜಮಾ ನನ್ನ ಮುಖ ನೋಡಿದಳು. ನಾನು ಎದ್ದು ಹೊರಗೆ ಹೋದೆ. ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ, ಬಸ್ ಸ್ಟ್ಯಾಂಡಿನ ತನಕ ಹೋಗಿ ನರಗುಂದದ ಬಸ್ಸು ಹೊರಡುವುದನ್ನು ನೋಡಿ ತಿರುಗಿ ಬಂದೆ. ದಾದಾಪೀರ ಎದುರಿಗೆ ಸಿಕ್ಕ. ಚಮೇಲಿ ಮೇವು ಬಿಟ್ಟಿದ್ದಾಳೆ. ಬುಧವಾರದ ತನಕ ನೋಡುತ್ತಾನಂತೆ. ಆಮೇಲೂ ಕಾಲು ಊರದಿದ್ದರೆ ಅವಳನ್ನು ಕೊಟ್ಟುಬಿಡುತ್ತಾನಂತೆ. ಕುಂಟು ಕುದುರೆಯನ್ನು ಯಾರು ಒಯ್ಯುತ್ತಾರೆ, ಯಾಕೆ ಒಯ್ಯುತ್ತಾರೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

೧೧ ಮೇ, ಬುಧವಾರ

ಆಯಿತು. ಮುಗಿಯಿತು. ಅಕ್ಷರ ಎಮ್ಮೆಯಷ್ಟು ದೊಡ್ಡದಾಗಿ ಬರುತ್ತಿದೆ. ಬರಲಿ.

ಬೆಳಿಗ್ಗೆ ಚೀಲ ತೆಗೆದುಕೊಂಡೆ. ಗುಲ್ಷನಳ ಕೈ ಹಿಡಿದೆ. ಬರುವುದಿಲ್ಲ ಅಂದಳು. ಒಂದೇ ಸಲ ಬಾ, ಆಮೇಲೆ ಕರೆಯುವುದಿಲ್ಲ ಅಂದೆ. ದಾದಾಪೀರ, ಜಬೀನ ಇಬ್ಬರೂ ಅಲ್ಲೇ ಇದ್ದರು. ಎಲ್ಲರ ಮುಂದೆ ಹುಡುಗಿಗೆ, "ಶುಕ್ರವಾರ ನಿನಗ ಎಲ್ಲಿ ಸುಟ್ಟಿತ್ತು, ಆ ಜಾಗಾ ತೋರಸು" ಅಂದೆ.

"ಅದು ಬಿಸಲು ನಾನಾ."

"ಬಿಸಲಲ್ಲ. ನಾ ಸುಳ್ಳ ಹೇಳಿದ್ದೆ. ತೋರಸು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಭುಜ ಒರಗಿಸಿ, ಕೈ ಜಾರಿಸಿ, ಕುಂಟು ಕಾಲನ್ನು ಮೆಲ್ಲಗೆ ಎತ್ತಿದಳು. ಒಂಬತ್ತು ದಿನದಿಂದ ಯಾರಿಗೂ ಕಾಲು ಕೊಡದ ಚಮೇಲಿ ಅವಳಿಗೆ ಕೊಟ್ಟಳು. ಬೆರಳು ನೇರ ಮೂರನೆಯ ಮೊಳೆಗೇ ಹೋಯಿತು. ಇಕ್ಕಳ ಹಾಕಿ ಎಳೆದೆ. ಮೊಳೆಯ ಹಿಂದೆಯೇ ಕಪ್ಪು ಕೀವು ಚಿಮ್ಮಿ ನನ್ನ ಮಣಿಕಟ್ಟಿನ ತನಕ ಬಂತು. ಆ ನಾತಕ್ಕೆ ಜಬೀನ ಸೆರಗು ಮುಚ್ಚಿಕೊಂಡಳು. ಗುಲ್ಷನ ಕಾಲು ಬಿಡಲಿಲ್ಲ.

ನಾಲ ಪೂರ್ತಿ ಕಿತ್ತೆ. ಕೆತ್ತಿ ದಾರಿ ದೊಡ್ಡದು ಮಾಡಿದೆ, ಎಲ್ಲಿ ಕೆತ್ತಬೇಕೆಂದು ಗುಲ್ಷನ ಹೇಳುತ್ತಿದ್ದಳು. ತೊಳೆದು, ಟಿಂಚರ್ ಹಾಕಿ, ಬೂಸಾದ ಬಿಸಿ ಪಟ್ಟಿ ಕಟ್ಟಿದೆ. ಆಮೇಲೆ ಅಲ್ಲೇ ಲದ್ದಿಯ ಪಕ್ಕ ಕೂತು ಹೇಳಿದೆ. ಮೊಳೆ ಹಸಿಗೆ ಹೋದದ್ದು, ಬೆರಳಿಗೆ ಹಸಿ ತಾಗಿದ್ದು, ಅದು ರಕ್ತವೆಂದು ಗೊತ್ತಿದ್ದೂ ಇನ್ನೊಂದು ಮೊಳೆ ಹೊಡೆದದ್ದು, ಕಲ್ಲು ಎಂದದ್ದು. ಒಂದನ್ನೂ ಬಿಡಲಿಲ್ಲ.

ದಾದಾಪೀರ ಬೈಯುತ್ತಾನೆಂದು ತಲೆ ತಗ್ಗಿಸಿ ಕಾದೆ. ಅವನು, "ನಿಮಗ ಕಾಣಸಲಿಲ್ಲೇನ್ರಿ ಚಾಚಾ?" ಅಂದ. ಅದೇ ಪ್ರಶ್ನೆ. ಇಷ್ಟಕ್ಕಾಗಿ ಇಷ್ಟೆಲ್ಲ ಮಾಡಿದ್ದೆ.

"ಇಲ್ಲಪಾ. ಆರ ತಿಂಗಳಾತು, ಸರಿ ಕಾಣಸೂದಿಲ್ಲ."

ಅವನು ಚಮೇಲಿಯ ಪಟ್ಟಿ ಒಮ್ಮೆ ಮುಟ್ಟಿ ನೋಡಿದ. ಸಾಲಿಗೆ ಹೋಗುವ ಹುಡುಗನಿಗೆ ಹೇಳುವಂತೆ ನನಗೆ, "ಧನುರ್ವಾಯು ಸೂಜಿ ಮಾಡಸಬೇಕು, ದನದ ಡಾಕ್ಟರನ್ನ ಕರಕೊಂಡ ಬರ್ತೀನಿ. ನೀವ ಮನೀಗೆ ಹೋಗ್ರಿ" ಎಂದು ಹೇಳಿ ಗಾಡಿ ಹತ್ತಿದ.

ದಾರಿಯಲ್ಲಿ ಗುಲ್ಷನ ನನ್ನ ಕೈ ಹಿಡಿಯಲಿಲ್ಲ. ನಾಲ್ಕು ಹೆಜ್ಜೆ ಮುಂದೆ ನಡೆದಳು. ಮನೆ ಬಾಗಿಲಲ್ಲಿ ನಿಂತು ತಿರುಗದೆಯೇ, "ಹಂಗಾರ ನನ್ನ ಕೈಗೆ ತಿಳೀತಿತ್ತು" ಅಂದಳು.

ತಿಳೀತಿತ್ತು ತಾಯಿ, ಅಂದೆ. ಒಳಗೆ ಹೋದಳು.

೧೩ ಮೇ, ಶುಕ್ರವಾರ

ಚಮೇಲಿ ಕಾಲು ಊರಿದಳಂತೆ. ಗುಲ್ಷನ ಹೇಳಿದ್ದು, ನನಗಲ್ಲ, ಅವಳ ಅವ್ವನಿಗೆ. ನಾನು ಒಳಕೋಣೆಯಿಂದ ಕೇಳಿಸಿಕೊಂಡೆ.

೨ ಜೂನ್, ಗುರುವಾರ

ಸಾಲಿ ಶುರುವಾಗಿದೆ. ಗುಲ್ಷನ ಸಾಲಿಗೆ ಹೋಗುವ ಮೊದಲು ಚಮೇಲಿಯ ಪಟ್ಟಿ ಬದಲಿಸಿ ಹೋಗುತ್ತಾಳೆ, ಸಮವಸ್ತ್ರಕ್ಕೆ ಬೂಸಾ ಅಂಟಿಸಿಕೊಂಡು ಮಾಸ್ತರರ ಕೈಯಲ್ಲಿ ಬೈಸಿಕೊಳ್ಳುತ್ತಾಳೆ. ಚಮೇಲಿ ಈಗ ಕುಂಟುತ್ತಿಲ್ಲ. ಹೊಸ ನಾಲ ಹೊಡೆಸಲು ದಾದಾಪೀರ ಅವಳನ್ನು ನರಗುಂದಕ್ಕೆ ಬಾಷಾಸಾಬನ ಹತ್ತಿರ ಒಯ್ದ. ನಮ್ಮ ಬಾಗಿಲ ಮುಂದೆಯೇ ಟೆಂಪೋ ಹೋಯಿತು. ಅವನು ನಿಲ್ಲಿಸಿ ಸಲಾಮು ಹೇಳಿಯೇ ಹೋದ. ಸಲಾಮು ಹೇಳದೆ ಹೋಗಿದ್ದರೆ ಸುಲಭವಾಗುತ್ತಿತ್ತು.

ಬಾಷಾಸಾಬ ಒಳ್ಳೆಯ ಕೆಲಸಗಾರ. ಚಿಕ್ಕ ವಯಸ್ಸು. ಕಣ್ಣು ಚಲೋ ಇವೆ.

ಊರಿಗೆ ಸುದ್ದಿ ಹಬ್ಬಿದೆ. ಸಂತೆಯ ದಿನ ಎರಡೇ ಜೋಡಿ ಎತ್ತು ಬಂದವು, ಅವೂ ದೂರದೂರಿನವು. ನಾನೇ ತಿರುಗಿಸಿ ಕಳಿಸಿದೆ. ನಾಲ್ಕನೆಯ ಸಣ್ಣ ನಾಲಕ್ಕೆ ಅರ ಹಾಕಿ ಮುಗಿಸಿದೆ. ಅದಕ್ಕೆ ಕಣ್ಣು ಬೇಕಾಗಲಿಲ್ಲ. ಬೆರಳಿಗೇ ನಯ ಗೊತ್ತಾಗುತ್ತದೆ. ತಟ್ಟು ಬೇಡವೆಂದು ಗುಲ್ಷನ ಮತ್ತೆ ಹೇಳಿಲ್ಲ, ಬೇಕೆಂದೂ ಹೇಳಿಲ್ಲ. ನನಗೆ ಕೇಳುವ ಮುಖವಿಲ್ಲ.

೨೨ ಜೂನ್, ಬುಧವಾರ, ಕಾರಹುಣ್ಣಿಮೆ

ಬೆಳಗಿನಿಂದ ಓಣಿಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವವರ ಗದ್ದಲ. ಆ ಗದ್ದಲದಲ್ಲೇ ಲಕ್ಷ್ಮಪ್ಪ ಬಂದ. ಬಿಸಿಲಿಗೆ ಇನ್ನಷ್ಟು ಕರ್ರಗಾಗಿದ್ದ. ಹಿಂದೆ ಬೆಲ್ಲದ ಬಣ್ಣದ ತಟ್ಟು. ಹಗ್ಗವನ್ನು ನನ್ನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಕೂತು, "ಎಲ್ಲಿ ನಮ್ಮ ಕುದ್ರಿ ರಾಣಿ?" ಅಂದ. ಅವನಿಗೆ ಇಲ್ಲಿಯ ಸುದ್ದಿ ಏನೂ ಗೊತ್ತಿರಲಿಲ್ಲ.

ಗುಲ್ಷನ ಬಾಗಿಲಲ್ಲಿ ನಿಂತಿದ್ದಳು. ತಟ್ಟು ಕಿವಿ ನೆಟ್ಟಗೆ ಮಾಡಿತು. ಅಷ್ಟೇ ಸಾಕಾಯಿತು, ಹುಡುಗಿ ಮಾತಾಡಿಸುತ್ತ ಎಡಗಡೆಯಿಂದ ಬಂದಳು. ಯಾರೂ ಹೇಳದೆಯೇ ನಾಲ್ಕೂ ಗೊರಸಿಗೆ ಅಂಗೈ ಇಟ್ಟು, ಒಂದೊಂದೇ ಕಾಲು ಎತ್ತಿ ನೋಡಿದಳು. ಹಿಂದಿನ ಬಲಗಾಲಿನ ಸಂದಿಯಿಂದ ಒಂದು ಹರಳು ಕಿತ್ತು ಲಕ್ಷ್ಮಪ್ಪನ ಮುಂದೆ ಇಟ್ಟು, "ಅಜ್ಜಾ, ಇದು ಎಷ್ಟ ದಿನದ್ದು?" ಎಂದು ಕೇಳಿದಳು. ಇಪ್ಪತ್ತು ವರ್ಷದಿಂದ ನನಗೆ ಬುದ್ಧಿ ಹೇಳುವವನು ತಲೆ ಕೆರೆದುಕೊಂಡ.

ನನಗೆ ತಡೆಯಲಾಗಲಿಲ್ಲ. ಚೀಲದಿಂದ ನಾಲ್ಕು ಸಣ್ಣ ನಾಲ ತೆಗೆದೆ. ಒಂದೂವರೆ ತಿಂಗಳು ಬಡಿದದ್ದು. ಹಗ್ಗವನ್ನು ಎಡಗೈಗೆ ಸುತ್ತಿಕೊಂಡು, ಅಳತೆ ನೋಡಲೆಂದು ತಟ್ಟುವಿನ ಮುಂದಿನ ಕಾಲಿಗೆ ಬಗ್ಗಿದೆ. ಹೊಡೆಯುವುದಕ್ಕಲ್ಲ. ಬರೀ ಅಳತೆ. ಅಷ್ಟರಲ್ಲಿ ನನ್ನ ಕೈಗೂ ಗೊರಸಿಗೂ ನಡುವೆ ಗುಲ್ಷನ ಬಂದು ನಿಂತಳು.

"ಬ್ಯಾಡ ನಾನಾ."

"ಅಳತಿ ಅಷ್ಟ ಐತಿ."

"ಬ್ಯಾಡ. ಕೈ ನೋಡಿ ಕಾಲು ಕೊಡಬೇಕು ಅಂತ ನೀನ ಕಲಸೀಯಲ್ಲ? ದೊಡ್ಡವರು ಅಂತ ಸುಮ್ಮನಿರಬಾರದು ಅಂದೀಯಲ್ಲ?" ನಿಂತ ಜಾಗದಿಂದ ಅವಳು ಅಲುಗಲಿಲ್ಲ. "ನೀ ಮೊದಲ ಕಣ್ಣ ತೋರಿಸ್ಕೊಂಡ ಬಾ. ಅಲ್ಲೀತನಕಾ ಇದರ ಕಾಲು ನಾ ನಿನಗ ಕೊಡೂದಿಲ್ಲ." ನಾಲ್ಕು ನಾಲಗಳನ್ನೂ ನನ್ನ ಕೈಯಿಂದ ತೆಗೆದು ಚೀಲಕ್ಕೆ ತಿರುಗಿ ಹಾಕಿದಳು. "ಇವು ಇರ್ಲಿ. ನೀನ ಹೊಡೀಬೇಕು. ಆಮ್ಯಾಲೆ."

ಓಣಿಯಲ್ಲಿ ಬಣ್ಣ ಹಚ್ಚುತ್ತಿದ್ದವರು ನೋಡುತ್ತಿದ್ದರು. ಅವರಲ್ಲಿ ಅರ್ಧ ಜನರ ಎತ್ತಿಗೆ ನಾನೇ ನಾಲ ಹೊಡೆದವನು. ಒಂದು ಕ್ಷಣ ಆ ಹುಡುಗಿಗೆ ಬಾರಿಸಬೇಕು ಅನ್ನಿಸಿತು, ಸುಳ್ಳು ಯಾಕೆ ಬರೆಯಲಿ. ರಾಜಮಾ ಬಾಗಿಲಿಗೆ ಬಂದಿದ್ದಳು. ಅವಳೂ ಮಗಳನ್ನು ಗದರಿಸಲಿಲ್ಲ.

"ನಾಳೆ ರೋಣಕ್ಕ ಹೋಗೂಣು ರಾಜಮಾ" ಅಂದೆ.

ಲಕ್ಷ್ಮಪ್ಪ ಕಟ್ಟೆಯಿಂದ ಎದ್ದು ಧೋತರದ ಧೂಳು ಕೊಡವಿಕೊಂಡ. ಅವನಿಗೆ ಏನು ತಿಳಿಯಿತೋ, ಎಷ್ಟು ತಿಳಿಯಿತೋ. ನನ್ನನ್ನು ನೋಡಿದ, ನಡುವೆ ನಿಂತ ಹುಡುಗಿಯನ್ನು ನೋಡಿದ.

"ಸಾಬ್ರ, ಅಕೀಗೆ ಸಾಕಾಕ ಬರತೈತಿ. ಹಗ್ಗ ಕೊಡ್ರಿ ಅಕೀ ಕೈಯಾಗ."

ಹಗ್ಗ ಇನ್ನೂ ನನ್ನ ಎಡಗೈಗೇ ಸುತ್ತಿತ್ತು. ಬಿಚ್ಚಿ ಕೊಟ್ಟೆ.